ಗಣಕಯಂತ್ರದ ಕಾಲದ ಲೆಕ್ಕ

ಹಳೆಯ ಮೈಸೂರು ಸೀಮೆಯಲ್ಲಿ ಕೆರೆಯ ನೀರನ್ನು ಗದ್ದೆಗಳಿಗೆ ಹಂಚುವ ಕೆಲಸ ನೀರುಗಂಟಿಯದು. ತೂಬನ್ನು ಎತ್ತುವುದು, ಒಬ್ಬರ ಸರದಿ ಮುಗಿದೊಡನೆ ಮಡೆಯನ್ನು ಕಟ್ಟಿ ಮತ್ತೊಬ್ಬರ ಗದ್ದೆಗೆ ನೀರನ್ನು ತಿರುಗಿಸುವುದು, ಇವೆಲ್ಲ ಅವನ ಹೊಣೆ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಹರಿಯಿತೆಂಬ ಲೆಕ್ಕ ತಪ್ಪಿದರೆ ಊರಿನಲ್ಲಿ ಜಗಳ ತಪ್ಪದು. ಗಣಕಯಂತ್ರದ ಒಳಗೂ ಇಂಥ ನೀರುಗಂಟಿಯೊಬ್ಬನಿದ್ದಾನೆ. ಅವನು ಹಂಚುವುದು ನೀರನ್ನಲ್ಲ, ಕಾಲವನ್ನು.

ಗಣಕಯಂತ್ರದಲ್ಲಿ ಎಣಿಸುವ, ಹೋಲಿಸುವ, ಆಜ್ಞೆಗಳನ್ನು ನಡೆಸುವ ಭಾಗಕ್ಕೆ ಸಂಸ್ಕಾರಕವೆಂದು ಹೆಸರು. ಬಳಕೆಯ ಮಾತಿನಲ್ಲಿ ಅದು ಪ್ರೊಸೆಸರ್. ಯಂತ್ರದಲ್ಲಿ ನಡೆಯುತ್ತಿರುವ ಒಂದೊಂದು ಕೆಲಸವನ್ನೂ ‘ಪ್ರಕ್ರಿಯೆ’ ಎನ್ನುತ್ತಾರೆ. ನೂರಾರು ಪ್ರಕ್ರಿಯೆಗಳು ಇರುವಾಗ ಯಾವುದಕ್ಕೆ ಯಾವಾಗ ಸಂಸ್ಕಾರಕವನ್ನು ಒಪ್ಪಿಸಬೇಕು, ಯಾವಾಗ ಹಿಂದಕ್ಕೆ ಪಡೆಯಬೇಕು ಎಂಬುದನ್ನು ನಿರ್ಧರಿಸುವುದು ಕಾರ್ಯಾಚರಣ ವ್ಯವಸ್ಥೆಯ ತಿರುಳು ಭಾಗ. ಇದೇ ‘ಕರ್ನಲ್’. ಹಂಚುವವನೇ ಲೆಕ್ಕವನ್ನೂ ಬರೆಯಬೇಕಾದುದರಿಂದ ಕರ್ನಲ್ ಏಕಕಾಲಕ್ಕೆ ನೀರುಗಂಟಿಯೂ ಹೌದು, ಶಾನುಭೋಗನೂ ಹೌದು.

ಈ ಲೆಕ್ಕದ ಅಗತ್ಯ ಮೊದಲಿನಿಂದ ಇಷ್ಟು ತೀವ್ರವಾಗಿರಲಿಲ್ಲ. 1950ರ ದಶಕದ ಗಣಕಯಂತ್ರಗಳು ರಂಧ್ರ ಕೊರೆದ ಕಾರ್ಡುಗಳ ಕಟ್ಟನ್ನು ಒಂದಾದ ಮೇಲೊಂದರಂತೆ ಓದಿ ಕೆಲಸ ಮುಗಿಸುತ್ತಿದ್ದುವು. ಒಂದು ಕೆಲಸ ಮುಗಿಯುವವರೆಗೂ ಇಡೀ ಯಂತ್ರ ಅದಕ್ಕೇ ಮೀಸಲು. ಗೋಡೆಯ ಗಡಿಯಾರವನ್ನು ನೋಡಿದರೆ ಲೆಕ್ಕ ಮುಗಿಯಿತು. ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಫರ್ನಾಂಡೊ ಕಾರ್ಬಟೊ ಮತ್ತು ಅವರ ಸಂಗಡಿಗರು 1961ರ ನವೆಂಬರಿನಲ್ಲಿ ಹೊಸದೊಂದು ಬಗೆಯನ್ನು ಮಾಡಿ ತೋರಿಸಿದರು. ಹಲವರು ಬೇರೆ ಬೇರೆ ಕೀಲಿಮಣೆಗಳ ಮುಂದೆ ಕುಳಿತು ಒಂದೇ ಯಂತ್ರವನ್ನು ಒಟ್ಟಿಗೆ ಬಳಸಿದರು. ಯಂತ್ರವು ಒಬ್ಬರ ಕೆಲಸವನ್ನು ಕ್ಷಣಕಾಲ ನಡೆಸಿ, ಅದನ್ನು ಬದಿಗಿರಿಸಿ, ಇನ್ನೊಬ್ಬರ ಕೆಲಸಕ್ಕೆ ಕೈಹಾಕುತ್ತಿತ್ತು. ಕಾಲವನ್ನು ಹೀಗೆ ಚೂರುಚೂರಾಗಿ ಹಂಚಲು ತೊಡಗಿದ ಮೇಲೆ ಗೋಡೆಯ ಗಡಿಯಾರ ಸಾಲದಾಯಿತು. ಒಂದು ಗಂಟೆ ಕುಳಿತವನ ಕೆಲಸಕ್ಕೆ ಸಂಸ್ಕಾರಕವು ನಿಜವಾಗಿ ದುಡಿದದ್ದು ಒಂದು ನಿಮಿಷವೂ ಇಲ್ಲದಿರಬಹುದು.

ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ 1969ರಿಂದ ಬೆಳೆಸಿದ ಯುನಿಕ್ಸ್ ವ್ಯವಸ್ಥೆ ಈ ಲೆಕ್ಕವನ್ನು ಸರಳವಾಗಿ ಇಟ್ಟಿತು. ಗಡಿಯಾರದ ಒಂದು ಉಪಕರಣ ಸೆಕೆಂಡಿಗೆ 60 ಬಾರಿ ಸಂಸ್ಕಾರಕವನ್ನು ತಡೆದು ಎಚ್ಚರಿಸುತ್ತಿತ್ತು. ಈ 60ರ ಮೂಲ ಆ ದೇಶದ ವಿದ್ಯುತ್ ಪ್ರವಾಹದ ಆವರ್ತ. ಭಾರತದಲ್ಲಿ ಅದು 50. ಪ್ರತಿಯೊಂದು ಮಿಡಿತಕ್ಕೂ ಕರ್ನಲ್ ಎಚ್ಚೆತ್ತು, ಆ ಗಳಿಗೆಯಲ್ಲಿ ಯಾವ ಪ್ರಕ್ರಿಯೆ ನಡೆಯುತ್ತಿತ್ತೆಂದು ನೋಡಿ, ಅದರ ಹೆಸರಿನಲ್ಲಿ ಒಂದು ಮಿಡಿತವನ್ನು ಬರೆಯುತ್ತಿತ್ತು. ಖಾತೆಗಳು ಎರಡು. ಪ್ರಕ್ರಿಯೆಯು ತನ್ನದೇ ಆಜ್ಞೆಗಳನ್ನು ನಡೆಸುತ್ತಿದ್ದರೆ ಬಳಕೆದಾರನ ಖಾತೆಗೆ. ಕಡತ ಓದಿಕೊಡು ಎಂಬಂಥ ಬೇಡಿಕೆಯಿಂದ ಕರ್ನಲ್‌ನಿಂದಲೇ ಕೆಲಸ ಮಾಡಿಸುತ್ತಿದ್ದರೆ ವ್ಯವಸ್ಥೆಯ ಖಾತೆಗೆ. ಈ ವಿಭಾಗ ಇಂದಿಗೂ ಉಳಿದಿದೆ.

ಆದರೆ ಈ ಕ್ರಮದಲ್ಲಿ ಒಂದು ದೋಷವಿತ್ತು. ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಬಿಡುಗಡೆ ಮಾಡಿದ ಲಿನಕ್ಸ್ ಕರ್ನಲ್‌ನಲ್ಲಿ ಸೆಕೆಂಡಿಗೆ 100 ಮಿಡಿತಗಳಿದ್ದುವು. ಎಂದರೆ ಒಂದು ಮಿಡಿತಕ್ಕೂ ಮತ್ತೊಂದಕ್ಕೂ ನಡುವೆ 10 ಮಿಲಿಸೆಕೆಂಡು. ಒಂದು ಪ್ರಕ್ರಿಯೆ 9 ಮಿಲಿಸೆಕೆಂಡು ದುಡಿದು ಮಿಡಿತಕ್ಕೆ ಸ್ವಲ್ಪ ಮೊದಲೇ ಬದಿಗೆ ಸರಿಯಿತೆಂದು ಭಾವಿಸಬಹುದು. ಆಗ ಒಳಬಂದ ಇನ್ನೊಂದು ಪ್ರಕ್ರಿಯೆ ಒಂದೇ ಮಿಲಿಸೆಕೆಂಡು ನಡೆದಿದ್ದರೂ ಹತ್ತೂ ಮಿಲಿಸೆಕೆಂಡು ಅದರ ತಲೆಗೆ ಬೀಳುತ್ತದೆ. ಒಂಬತ್ತು ಉಂಡವನ ಲೆಕ್ಕದಲ್ಲಿ ಸೊನ್ನೆ. ಗಂಟೆಗೊಮ್ಮೆ ಸುತ್ತು ಬರುವ ಮೇಸ್ತ್ರಿಯ ಕಣ್ಣಿಗೆ ಬಿದ್ದವನಿಗೆ ಮಾತ್ರ ಹಾಜರಿ ಎಂದಂತಾಯಿತು. ಸಾವಿರಾರು ಮಿಡಿತಗಳ ಸರಾಸರಿಯಲ್ಲಿ ಇಂಥ ತಪ್ಪುಗಳು ಪರಸ್ಪರ ಕಳೆದುಹೋಗುತ್ತವೆ ಎಂಬ ನಂಬಿಕೆಯಿತ್ತು. ಸುತ್ತಿನ ಹೊತ್ತನ್ನು ತಿಳಿದ ಆಳು ಕಪಟಿಯಾದರೆ ಆ ನಂಬಿಕೆ ನಿಲ್ಲದು. ಪ್ರತಿ ಮಿಡಿತಕ್ಕೂ ತುಸು ಮೊದಲು ಅಡಗಿ, ಅದು ಕಳೆದೊಡನೆ ಮರಳಿ ಬರುವ ಸಾಮಾನ್ಯ ಪ್ರಕ್ರಿಯೆಯೊಂದು ಸಂಸ್ಕಾರಕದ ಬಹುಪಾಲನ್ನು ಕಬಳಿಸಬಲ್ಲದೆಂದು, ಆಗ ಬಳಕೆಯಲ್ಲಿದ್ದ ಹಲವು ವ್ಯವಸ್ಥೆಗಳ ಮೇಲೆ ಪ್ರಯೋಗ ಮಾಡಿ ಸಂಶೋಧಕರು 2007ರಲ್ಲಿ ತೋರಿಸಿಕೊಟ್ಟರು. ಕಡಿಮೆ ಉಂಡವನಂತೆ ಕಾಣುವವನಿಗೇ ಮೊದಲ ಸರದಿ ಕೊಡುವುದು ಕರ್ನಲ್‌ನ ಧರ್ಮವಾದುದರಿಂದ ಲೆಕ್ಕದ ತಪ್ಪು ಹಂಚಿಕೆಯ ಅನ್ಯಾಯವಾಯಿತು.

ಇದಕ್ಕೆ ಪರಿಹಾರ, ಸುತ್ತು ಬರುವುದರ ಬದಲು ಬಾಗಿಲಲ್ಲಿ ನಿಲ್ಲುವುದು. ಪ್ರಕ್ರಿಯೆ ಸಂಸ್ಕಾರಕದೊಳಗೆ ಕಾಲಿಟ್ಟಾಗ ಒಮ್ಮೆ, ಹೊರಬಿದ್ದಾಗ ಒಮ್ಮೆ ಗಡಿಯಾರವನ್ನು ನೋಡಿ ಅಂತರವನ್ನು ಬರೆದರೆ ತಪ್ಪಿಗೆ ಎಡೆಯಿಲ್ಲ. ಇದಕ್ಕೆ ಬಹು ಸೂಕ್ಷ್ಮವಾದ ಗಡಿಯಾರ ಬೇಕು. 1993ರ ಪೆಂಟಿಯಂ ಸಂಸ್ಕಾರಕದಲ್ಲಿ ಅದರ ಒಂದೊಂದು ಬಡಿತವನ್ನೂ ಎಣಿಸುವ ಎಣಿಕೆಯಂತ್ರ ಅಡಕವಾಗಿತ್ತು. 2007ರ ಅಕ್ಟೋಬರಿನಲ್ಲಿ ಲಿನಕ್ಸಿಗೆ ಬಂದ ಹೊಸ ಹಂಚಿಕೆಯ ಕ್ರಮವು ಕಾಲವನ್ನು ನ್ಯಾನೋಸೆಕೆಂಡುಗಳಲ್ಲಿ, ಎಂದರೆ ಸೆಕೆಂಡಿನ ನೂರು ಕೋಟಿಯ ಒಂದು ಭಾಗದ ಅಳತೆಯಲ್ಲಿ, ಬರೆಯತೊಡಗಿತು.

ಸಂಸ್ಕಾರಕಗಳು ಒಂದಕ್ಕಿಂತ ಹೆಚ್ಚಾದಾಗ ತೊಡಕು ಇನ್ನೊಂದು ಬಗೆಯದು. ಇಂದು ಜೇಬಿನ ದೂರವಾಣಿಯಲ್ಲಿಯೂ ಎಂಟು ಸಂಸ್ಕಾರಕಗಳಿರುವುದು ಸಾಮಾನ್ಯ. ಕೆರೆಗೆ ಎಂಟು ತೂಬುಗಳಿದ್ದಂತೆ. ಒಂದೇ ಪ್ರಕ್ರಿಯೆ ಈಗ ಮೊದಲನೆಯದರಲ್ಲಿ ನಡೆದು ಮರುಗಳಿಗೆ ಐದನೆಯದಕ್ಕೆ ವರ್ಗವಾಗಬಹುದು. ಹಲವು ಎಳೆಗಳಾಗಿ ಒಡೆದು ಎಲ್ಲದರಲ್ಲಿಯೂ ಒಟ್ಟಿಗೆ ನಡೆಯಬಹುದು. ನಾಲ್ಕು ಸಂಸ್ಕಾರಕಗಳು ಹತ್ತು ಸೆಕೆಂಡು ಪೂರ್ತಿ ದುಡಿದಿದ್ದರೆ ಆ ಪ್ರಕ್ರಿಯೆಯ ಲೆಕ್ಕದಲ್ಲಿ 40 ಸೆಕೆಂಡು ಕಾಣುತ್ತದೆ. ಹತ್ತೇ ಸೆಕೆಂಡಿನಲ್ಲಿ ನಲವತ್ತು ಸೆಕೆಂಡು ಕಳೆಯಿತೇ ಎಂದು ಬೆರಗಾಗಬೇಕಿಲ್ಲ. ಒಂದು ದಿನ ನಾಲ್ವರು ದುಡಿದರೆ ನಾಲ್ಕಾಳಿನ ಕೂಲಿ.

ಎಲ್ಲ ಸಂಸ್ಕಾರಕಗಳೂ ಒಂದೇ ಪುಸ್ತಕದಲ್ಲಿ ಬರೆಯಹೊರಟರೆ ಒಂದು ಬರೆಯುವಾಗ ಉಳಿದವು ಕಾದು ನಿಲ್ಲಬೇಕು. ಕೆಲಸಕ್ಕಿಂತ ಲೆಕ್ಕವೇ ಭಾರವಾದೀತು. ಆದ್ದರಿಂದ ಪ್ರತಿ ಸಂಸ್ಕಾರಕಕ್ಕೂ ಅದರದೇ ಪುಸ್ತಕವುಂಟು. ಕೇಳಿದಾಗ ಮಾತ್ರ ಕರ್ನಲ್ ಎಲ್ಲವನ್ನೂ ಕೂಡಿಸಿ ಹೇಳುತ್ತದೆ. ಬೇರೆ ಬೇರೆ ಸಂಸ್ಕಾರಕಗಳ ಎಣಿಕೆಗಳು ಪರಸ್ಪರ ಹೊಂದದೆಯೂ ಇರಬಹುದು. ಒಂದರಲ್ಲಿ ಒಳಬಂದ ಹೊತ್ತನ್ನೂ ಮತ್ತೊಂದರಲ್ಲಿ ಹೊರಬಿದ್ದ ಹೊತ್ತನ್ನೂ ಹಿಡಿದು ಕಳೆದರೆ, ಕೆಲಸ ಆರಂಭವಾಗುವ ಮೊದಲೇ ಮುಗಿಯಿತೆಂಬ ಅಸಂಬದ್ಧ ಉತ್ತರ ಬಂದೀತು. ಪ್ರತ್ಯೇಕ ಪುಸ್ತಕದಿಂದ ಇನ್ನೊಂದು ಉಪಯೋಗವೂ ಇದೆ. ನಾಲ್ಕರಲ್ಲಿ ಒಂದು ಬಳಲಿ ಬೆಂಡಾಗಿ ಮೂರು ಸುಮ್ಮನಿದ್ದರೆ ಒಟ್ಟು ಲೆಕ್ಕ ನೂರಕ್ಕೆ ಇಪ್ಪತ್ತೈದು ಎಂದಷ್ಟೇ ಹೇಳುತ್ತದೆ. ಕೆಲಸ ಏಕೆ ನಿಧಾನವಾಯಿತೆಂಬುದು ಅದರಿಂದ ತಿಳಿಯದು. ಬಿಡಿ ಲೆಕ್ಕದಿಂದ ತಿಳಿಯುತ್ತದೆ.

ಹಾಗಾದರೆ ಪ್ರತಿಯೊಂದು ಪ್ರಕ್ರಿಯೆಗೂ ಪ್ರತಿಯೊಂದು ಸಂಸ್ಕಾರಕದ ಲೆಕ್ಕವನ್ನು ಬೇರೆ ಬೇರೆಯಾಗಿ ಏಕೆ ಇಡಬಾರದು? 2001ರಲ್ಲಿ ಹೊರಬಂದ ಲಿನಕ್ಸ್ 2.4ರಲ್ಲಿ ಹಾಗೆ ಇಡುವ ಏರ್ಪಾಡು ಇತ್ತು. ಎರಡು ಅಥವಾ ನಾಲ್ಕು ಸಂಸ್ಕಾರಕಗಳಿದ್ದಾಗ ಅದು ಹೊರೆಯಲ್ಲ. ಸಾವಿರ ಸಂಸ್ಕಾರಕಗಳ ಯಂತ್ರದಲ್ಲಿ ಸಾವಿರ ಪ್ರಕ್ರಿಯೆಗಳಿಗೆ, ಒಂದೊಂದು ಮನೆಗೆ ಎಂಟು ಬೈಟುಗಳಂತೆ ಎರಡೆರಡು ಖಾತೆ ತೆರೆದರೆ, 1 ಕೋಟಿ 60 ಲಕ್ಷ ಬೈಟುಗಳಷ್ಟು ಸ್ಮೃತಿಕೋಶ ಬೇಕು. ಅದರಲ್ಲಿ ಬಹುಭಾಗ ಬರಿಯ ಸೊನ್ನೆಗಳಿಂದ ತುಂಬಿರುತ್ತದೆ. ಮುಂದಿನ ಆವೃತ್ತಿಯಲ್ಲಿ ಆ ಏರ್ಪಾಡನ್ನು ಕೈಬಿಟ್ಟರು. ಪ್ರಕ್ರಿಯೆಗೆ ಒಟ್ಟು ಮೊತ್ತ, ಪ್ರಕ್ರಿಯೆಗಳ ಗುಂಪಿಗೆ ಬೇಕಾದರೆ ಸಂಸ್ಕಾರಕವಾರು ಲೆಕ್ಕ ಎಂಬುದು ಅನಂತರದ ಪದ್ಧತಿ.

ಇಷ್ಟಾದರೂ ಲೆಕ್ಕದಲ್ಲಿ ಒಂದು ಎಳೆ ಸಡಿಲವಾಗಿಯೇ ಉಳಿಯಬಹುದು. ಒಂದು ಪ್ರಕ್ರಿಯೆ ತನ್ನ ಪಾಡಿಗೆ ತಾನು ನಡೆಯುತ್ತಿರುವಾಗ ಹೊರಗಿನ ಜಾಲದಿಂದ ಬೇರೆ ಯಾರಿಗೋ ಒಂದು ಸಂದೇಶ ಬಂದು ಬೀಳುತ್ತದೆ. ಸಂಸ್ಕಾರಕ ಕೈಲಿದ್ದ ಕೆಲಸವನ್ನು ನಿಲ್ಲಿಸಿ ಅದನ್ನು ಬರಮಾಡಿಕೊಳ್ಳಬೇಕು. ಆ ಹೊತ್ತನ್ನು ಬೇರೆಯಾಗಿ ಬರೆಯುವ ಏರ್ಪಾಡು ಲಿನಕ್ಸಿನಲ್ಲಿ ಇದ್ದರೂ ಅದನ್ನು ಜೋಡಿಸಿಕೊಳ್ಳದ ಯಂತ್ರಗಳಲ್ಲಿ, ಅತಿಥಿ ಯಾರವನೇ ಆಗಿರಲಿ, ಊಟದ ಖರ್ಚು ಆಗ ಬಾಗಿಲಲ್ಲಿ ಸಿಕ್ಕವನ ಹೆಸರಿಗೇ ಬೀಳುತ್ತದೆ.