ಟೊಂಕ, ಚಪ್ಪೆ ಮತ್ತು ಮಿಡತೆಯ ಕಾಲು

ಹುಕ್ಕೇರಿ ತಾಲ್ಲೂಕಿನ ಕಣಗಲಾ ಕಡೆ ‘ಟೊಂಕ ಹಿಡದೈತಿ’ ಎಂದರೆ ಕೇಳಿದವರ ಕಣ್ಣು ಹೋಗುವುದು ಬೆನ್ನಿನ ಕೆಳಭಾಗಕ್ಕೆ. ಟೊಂಕ, ಸೊಂಟ, ನಡು, ಸಂಸ್ಕೃತದ ಕಟಿ ಎಲ್ಲವೂ ಮುಖ್ಯವಾಗಿ ಉಡುದಾರ ಕಟ್ಟುವ ಜಾಗದ ಹೆಸರುಗಳು. ಅದರ ಕೆಳಗೆ ಪಕ್ಕಕ್ಕೆ ಚಾಚಿದ ಭಾಗ ಚಪ್ಪೆ. ತೊಡೆಯ ಎಲುಬಿನ ದುಂಡು ತಲೆ ಬಂದು ಕೂಡುವ ಕೀಲು ಇರುವುದು ಅಲ್ಲಿ.

ಈ ಭಾಗಕ್ಕೆ ಲ್ಯಾಟಿನ್ ಭಾಷೆಯ ಹೆಸರು ಕಾಕ್ಸಾ. ಸಂಸ್ಕೃತದ ‘ಕಕ್ಷ’ ಇದರ ದಾಯಾದಿ ಪದವೆಂದು ಭಾಷಾಶಾಸ್ತ್ರಜ್ಞರು ಗುರುತಿಸಿದ್ದಾರೆ. ಕಕ್ಷ ಎಂದರೆ ಕಂಕುಳು. ಒಂದು ಭಾಷೆಯಲ್ಲಿ ಕಾಲಿನ ಸಂದಿಗೆ ಅಂಟಿದ ಪದ ಇನ್ನೊಂದರಲ್ಲಿ ತೋಳಿನ ಸಂದಿಗೆ ಅಂಟಿತು. ಕುರ್ಚಿಯ ಮೇಲಿನ ‘ಕುಶನ್’ ಕೂಡ ಕಾಕ್ಸಾದ ಸಂತತಿಯೇ.

ಕೀಟಶಾಸ್ತ್ರಜ್ಞರು ಈ ಹೆಸರನ್ನು ಇನ್ನೂ ದೂರ ಒಯ್ದರು. ಕಬ್ಬಿನ ಗದ್ದೆಯ ಮಿಡತೆಯ ಕಾಲನ್ನು ಮೈಯಿಂದ ತುದಿಯವರೆಗೆ ನೋಡಿದರೆ ಸಿಗುವ ಭಾಗಗಳು ಕಾಕ್ಸಾ, ಟ್ರೊಕ್ಯಾಂಟರ್, ಫೀಮರ್, ಟಿಬಿಯಾ, ಟಾರ್ಸಸ್. ಫೀಮರ್ ಎಂದರೆ ತೊಡೆ. ಮಿಡತೆಯ ಜಿಗಿತದ ಬಲವೆಲ್ಲ ಹಿಂಗಾಲಿನ ಈ ದಪ್ಪ ಭಾಗದಲ್ಲಿದೆ. ಟಿಬಿಯಾ ಮೊಣಕಾಲಿನ ಕೆಳಗಿನ ಎಲುಬು. ಲ್ಯಾಟಿನ್‌ನಲ್ಲಿ ಊದುವ ಕೊಳವೆವಾದ್ಯಕ್ಕೂ ಅದೇ ಹೆಸರು. ಜೇನುನೊಣ ಪರಾಗ ತುಂಬಿಕೊಳ್ಳುವ ಬುಟ್ಟಿ ಅದರ ಹಿಂಗಾಲಿನ ಟಿಬಿಯಾದ ಮೇಲಿದೆ. ಟಾರ್ಸಸ್ ಎಂದರೆ ಪಾದ. ಹಳ್ಳದ ಏಡಿಯ ಕಾಲಿನ ಮೊದಲ ತುಂಡು ಕಾಕ್ಸಾ, ಮೂರನೆಯದು ಇಸ್ಕಿಯಂ. ಇದು ಚಪ್ಪೆಗೆ ಗ್ರೀಕರಿಟ್ಟ ಹೆಸರು. ಹೀಗೆ ಏಡಿಯ ಒಂದೇ ಕಾಲಿನಲ್ಲಿ ಎರಡು ಚಪ್ಪೆ!

ಆದರೆ ಹೆಸರು ಒಂದೆಂದ ಮಾತ್ರಕ್ಕೆ ವಸ್ತು ಒಂದಲ್ಲ. ಮಿಡತೆಯ ಕಾಲಿನಲ್ಲಿ ಎಲುಬಿಲ್ಲ. ಹೊರಗೆ ಗಟ್ಟಿ ಕವಚ, ಒಳಗೆ ಸ್ನಾಯು. ಮನುಷ್ಯನಿಗೂ ಕೀಟಕ್ಕೂ 50 ಕೋಟಿ ವರ್ಷಕ್ಕೂ ಹಿಂದೆ ಇದ್ದ ಸಮಾನ ಪೂರ್ವಜನಿಗೆ ಇಂಥ ಕಾಲುಗಳೇ ಇರಲಿಲ್ಲ. ಇಲ್ಲಿ ಹೆಸರು ಹೇಳುವುದು ಸ್ಥಾನವನ್ನು, ನಂಟನ್ನಲ್ಲ.

ಮನೆಯೊಳಗಿನ ಮಾತಿಗೂ ಇದೇ ಎಚ್ಚರ ಬೇಕು. ಬಿದ್ದ ಅಜ್ಜಿಯ ‘ಸೊಂಟ ಮುರಿಯಿತು’ ಎಂದಾಗ ಮುರಿದಿರುವುದು ಬಹಳ ಸಲ ತೊಡೆಯ ಎಲುಬಿನ ಕುತ್ತಿಗೆ ಇಲ್ಲವೆ ಅದರ ಪಕ್ಕದ ಟ್ರೊಕ್ಯಾಂಟರ್ ಗುಬುಟು. ಕಾಲೂರಲಾಗದಿದ್ದರೆ, ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದ್ದರೆ ಅದು ಎಣ್ಣೆ ತಿಕ್ಕಿ ಮಲಗಿಸುವ ಟೊಂಕದ ನೋವಲ್ಲ. ಕೂಡಲೇ ಆಸ್ಪತ್ರೆಗೆ ಒಯ್ದು ಎಕ್ಸ್‌ರೇ ತೆಗೆಸಬೇಕಾದ ಚಪ್ಪೆಯ ಕೀಲಿನ ಪೆಟ್ಟು.