ತಾನೇ ನಡೆದು ಬರುವ ಸರಕು

ಮದುವೆಯ ಮನೆಯಲ್ಲಿ ಪಂಕ್ತಿ ಕುಳಿತಾಗ ಉಣ್ಣುವವರು ಎಲೆಯನ್ನು ಬಿಟ್ಟು ಏಳುವುದಿಲ್ಲ. ಅನ್ನ, ಸಾರು, ಪಾಯಸಗಳು ಒಂದರ ಹಿಂದೊಂದು ಅವರಿದ್ದಲ್ಲಿಗೇ ಬರುವುವು. ಪ್ರತಿಯೊಬ್ಬರೂ ಎದ್ದು ಅಡಿಗೆಮನೆಗೆ ಹೋಗಿ ಬಡಿಸಿಕೊಂಡು ಬರಬೇಕೆಂದರೆ ಊಟವು ಸಂಜೆಗೂ ಮುಗಿಯಲಾರದು. ಈಗಿನ ದೊಡ್ಡ ಕಾರ್ಖಾನೆಗಳು ನಡೆಯುವುದೂ ಈ ಪಂಕ್ತಿಯ ನ್ಯಾಯದಿಂದಲೇ ಎಂದರೆ ನಮ್ಮ ವಾಚಕರಿಗೆ ಆಶ್ಚರ್ಯವಾಗಬಹುದು.

ದಾವಣಗೆರೆಯ ಹತ್ತಿಯ ಗಿರಣಿಗಳನ್ನೇ ನೋಡೋಣ. ಇವುಗಳಿಂದಲೇ ಆ ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ಬಂದಿತ್ತು. ಹತ್ತಿಯು ನೂಲಾಗುವುದಕ್ಕೆ ಮೊದಲು ಬಿಡಿಸುವ ಯಂತ್ರ, ಹಿಂಜುವ ಯಂತ್ರ, ಎಳೆಯುವ ಯಂತ್ರ, ನೂಲುವ ಯಂತ್ರ ಎಂದು ಹಲವು ಬಾಗಿಲುಗಳನ್ನು ಹೊಗಬೇಕು. ಹಳೆಯ ತರದ ಗಿರಣಿಯಲ್ಲಿ ಒಂದು ಯಂತ್ರದಿಂದ ಮತ್ತೊಂದಕ್ಕೆ ಅದನ್ನು ಮುಟ್ಟಿಸುತ್ತಿದ್ದವರು ಮನುಷ್ಯರೇ. ಹತ್ತಿಯ ಭಾರವಾದ ಸುರುಳಿಗಳನ್ನು ಹೊರುವುದು, ಎಳೆ ತುಂಬಿದ ಎತ್ತರದ ಡಬ್ಬಗಳನ್ನು ತಳ್ಳುವುದು, ಬಾಬಿನ್ನುಗಳ ಬುಟ್ಟಿಗಳನ್ನು ಸಾಗಿಸುವುದು ಎಷ್ಟೋ ಜನರ ದಿನದ ದುಡಿಮೆಯಾಗಿತ್ತು. ಹೊಸ ತರದ ಗಿರಣಿಗಳಲ್ಲಾದರೋ ಹತ್ತಿಯು ಕೊಳವೆಯೊಳಗಿನ ಗಾಳಿಯಲ್ಲಿ ತೇಲಿ ಹಿಂಜುವ ಯಂತ್ರವನ್ನು ಸೇರುತ್ತದೆ. ಬಾಬಿನ್ನುಗಳು ಮೇಲಿನ ಕಂಬಿಗೆ ತೂಗುಬಿದ್ದು ತಾವೇ ಮುಂದಿನ ಯಂತ್ರಕ್ಕೆ ಸಾಗುತ್ತವೆ.

ದಾವಣಗೆರೆಯ ನೆರೆಯಲ್ಲಿ ತುಂಗಭದ್ರೆಯ ದಡದಲ್ಲಿರುವ ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಸ್ಥಾಪಿತವಾಗಿ ಲೇತುಗಳನ್ನು ತಯಾರಿಸಿತು. ಲೇತು ಎಂಬುದು ಯಂತ್ರಗಳನ್ನು ಹೆರುವ ಯಂತ್ರ. ಅದರ ಮುಂದೆ ನಿಂತ ಕುಶಲಿಯು ಕಬ್ಬಿಣದ ತುಂಡನ್ನು ತಾನೇ ಇಟ್ಟು, ಕಡೆದು, ಅಳೆದು, ತೆಗೆಯುವನು. ಒಂದೇ ಬಗೆಯ ತುಂಡುಗಳು ಸಾವಿರಗಟ್ಟಲೆ ಬೇಕಾದಾಗ ಈ ಕ್ರಮವು ಸಾಲದು. ಆಗ ಯಂತ್ರಗಳನ್ನು ಸಾಲಾಗಿ ನಿಲ್ಲಿಸಿ, ತುಂಡನ್ನು ಒಂದು ಹಿಡಿಕೆಯಲ್ಲಿ ಬಿಗಿದು ಕಳುಹಿಸುವರು. ಒಂದು ಠಾಣೆಯಲ್ಲಿ ತೂತು, ಮುಂದಿನದರಲ್ಲಿ ಮರೆ, ಅದರ ಮುಂದೆ ಅಳತೆ. ಎಲ್ಲ ಠಾಣೆಗಳ ಕೆಲಸವೂ ಮುಗಿಯಿತೆಂಬ ಸೂಚನೆ ಬಂದ ಮೇಲೆಯೇ ಸಾಲು ಒಂದು ಹೆಜ್ಜೆ ಸರಿಯುವುದು. ಒಂದು ಠಾಣೆ ಕೆಟ್ಟರೆ ಇಡೀ ಪಂಕ್ತಿಯೇ ನಿಲ್ಲುವುದು. ಅದಕ್ಕಾಗಿ ನಡುನಡುವೆ ಒಂದಿಷ್ಟು ತುಂಡುಗಳನ್ನು ಕೂಡಿಟ್ಟಿರುವರು. ಜಾಣೆಯಾದ ಗೃಹಿಣಿಯು ಎರಡನೆಯ ಪಂಕ್ತಿಗೆಂದು ಅನ್ನವನ್ನು ಎತ್ತಿಡುವಂತೆಯೇ ಇದು.

ಇದರ ಲಾಭವನ್ನು ಅಲ್ಲಗಳೆಯಲಾಗದು. ಅಮೆರಿಕದಲ್ಲಿ 1913ರಲ್ಲಿ ಹೆನ್ರಿ ಫೋರ್ಡನು ಸರಿಯುವ ಸಾಲನ್ನು ಹೂಡಿದ ಮೇಲೆ, ಹನ್ನೆರಡೂವರೆ ಗಂಟೆ ಹಿಡಿಯುತ್ತಿದ್ದ ಕಾರಿನ ಅಡಿಗಟ್ಟಿನ ಜೋಡಣೆಯು ಕೆಲವೇ ತಿಂಗಳಲ್ಲಿ 93 ನಿಮಿಷಕ್ಕೆ ಇಳಿಯಿತು. ಹೊರುವವರ ಬೆನ್ನಿಗೂ ಯಂತ್ರದಿಂದ ಬಿಡುಗಡೆ ದೊರೆಯಿತು. ಹೊರೆ ಹೊರುವುದೇ ಮನುಷ್ಯನ ಪುರುಷಾರ್ಥವೆಂದು ಯಾರೂ ಹೇಳಲಾರರು.

ಆದರೆ ಆ ಹೊರೆಯೊಡನೆ ಒಂದು ಸಂಸಾರದ ಅನ್ನವೂ ಇತ್ತೆಂಬುದನ್ನು ಮರೆಯಬಾರದು. ದಾವಣಗೆರೆಯ ಹಳೆಯ ಗಿರಣಿಗಳಲ್ಲಿ ಹೆಚ್ಚಿನವು ಮುಚ್ಚಿದವು. ಹರಿಹರದ ಆ ಕಾರ್ಖಾನೆಯೂ ಇಂದು ನಡೆಯುತ್ತಿಲ್ಲ. ಸರಕು ಸಾಗಿಸುವ ಯಂತ್ರಗಳೇ ಇದಕ್ಕೆ ಕಾರಣವೆಂದು ನಾವು ಹೇಳುವುದಿಲ್ಲ. ಆದರೆ ದುಡಿಮೆ ತಪ್ಪಿದ ಮನೆಯ ಒಲೆ ಹೇಗಿರುವುದೆಂಬುದನ್ನು ಆ ಎರಡು ಊರುಗಳಿಗೆ ಹೊರಗಿನವರು ತಿಳಿಸಬೇಕಾಗಿಲ್ಲ. ಆದುದರಿಂದ ಹೊಸ ಯಂತ್ರವನ್ನು ತರುವವರು, ಅದು ಬರುವ ಮೊದಲೇ, ಹೊರುತ್ತಿದ್ದವನಿಗೆ ಅದನ್ನು ನಡೆಸುವ, ಕೆಟ್ಟಾಗ ರಿಪೇರಿ ಮಾಡುವ ವಿದ್ಯೆಯನ್ನು ಕಲಿಸತಕ್ಕದ್ದು.

ಪಂಕ್ತಿ ಎದ್ದ ಮೇಲೆ ಬಡಿಸಿದವರಿಗೂ ಎಲೆ ಹಾಕುವುದು ನಮ್ಮ ಮನೆಗಳ ಪದ್ಧತಿ. ಅವರನ್ನು ಹಸಿದು ಕಳುಹಿಸಿದ ಮದುವೆಯನ್ನು, ಅಡಿಗೆ ಎಷ್ಟೇ ರುಚಿಯಾಗಿದ್ದರೂ, ಯಾರೂ ಹೊಗಳುವುದಿಲ್ಲ. ಕಾರ್ಖಾನೆಗೂ ಇದೇ ಮಾತು ಸಲ್ಲುವುದೆಂದು ನಮ್ಮ ಎಣಿಕೆ.