ಗಣಕದ ಭಾಷೆಯೂ ನಮ್ಮೂರ ಲಾರಿಯೂ

ಹೊಸಪೇಟೆಯಿಂದ ಬಳ್ಳಾರಿಗೆ ಹೋಗುವ ದಾರಿಯಲ್ಲಿ ಪಾಪಿನಾಯಕನಹಳ್ಳಿಯೆಂಬ ಊರಿರುವುದು. ಸುತ್ತಿನವರು ಇದನ್ನು ಪಿ. ಕೆ. ಹಳ್ಳಿಯೆಂದು ಕರೆಯುವರು. ಈ ಸೀಮೆಯ ಕಬ್ಬಿಣದ ಅದಿರಿಗೂ ಇಲ್ಲಿಯ ಸಂಸಾರಗಳ ಅನ್ನಕ್ಕೂ ಇರುವ ನಂಟು ಎಲ್ಲರೂ ಬಲ್ಲುದೇ. ೨೦೧೧ನೆಯ ಇಸವಿಯ ಜುಲೈ ತಿಂಗಳಲ್ಲಿ ಸುಪ್ರೀಂ ಕೋರ್ಟು ಅಂದಿನ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದಾಗ ಅದಿರಿನ ಲಾರಿಗಳು ನಿಂತುವು. ಅವುಗಳನ್ನು ನೆಚ್ಚಿದ ಮನೆಗಳ ಆದಾಯವೂ ನಿಂತಿತು. ಆಮೇಲೆ ನಿಬಂಧನೆಗಳೊಡನೆ ಗಣಿಗಳು ಮರಳಿ ತೆರೆದರೂ, ಒಂದೇ ಕಸುಬನ್ನು ನಂಬಿದ ಮನೆಗೆ ಇನ್ನೊಂದು ವಿದ್ಯೆಯ ಆಸರೆ ಇರಬೇಕೆಂಬ ಪಾಠವು ಉಳಿಯಿತು.

ಅಂತಹ ವಿದ್ಯೆಗಳಲ್ಲಿ ಗಣಕಕ್ಕೆ ಆಜ್ಞೆಗಳನ್ನು ಬರೆಯುವ ವಿದ್ಯೆಯೂ ಒಂದು. ಆದರೆ ಕನ್ನಡ ಶಾಲೆಯಲ್ಲಿ ಓದಿದ ಮಕ್ಕಳ ತಾಯಿತಂದೆಗಳು, ‘ಅದೆಲ್ಲ ಇಂಗ್ಲಿಷು ಬಲ್ಲವರಿಗೆ’ ಎಂದು ಹಿಂದೆಗೆಯುವುದುಂಟು. ಈ ಅಂಜಿಕೆಯು ಎಷ್ಟರ ಮಟ್ಟಿಗೆ ಸರಿಯೆಂಬುದನ್ನು ವಿಚಾರಿಸುವುದಕ್ಕಾಗಿಯೇ ನಾವು ಈ ಲೇಖನವನ್ನು ಕೈಕೊಂಡಿರುವೆವು.

ಈಗ ಬಹುವಾಗಿ ಬಳಕೆಯಲ್ಲಿರುವ ಗಣಕಭಾಷೆಗಳಲ್ಲಿ ಅನೇಕವು ‘ಆಬ್ಜೆಕ್ಟ್ ಓರಿಯೆಂಟೆಡ್’ ಎಂಬ ಬಗೆಗೆ ಸೇರಿದವು. ನಾವು ಅವನ್ನು ವಸ್ತುಪ್ರಧಾನ ಭಾಷೆಗಳೆನ್ನೋಣ. ಇವುಗಳ ಮೂಲವು ನಾರ್ವೆ ದೇಶದಲ್ಲಿರುವುದು. ಓಸ್ಲೋ ನಗರದಲ್ಲಿ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟೆನ್ ನೈಗಾರ್ಡ್ ಎಂಬಿಬ್ಬರು ೧೯೬೭ರಲ್ಲಿ ರೂಪಿಸಿದ ‘ಸಿಮುಲಾ ೬೭’ ಎಂಬ ಭಾಷೆಯಲ್ಲಿ ಈ ಕ್ರಮವು ಮೊದಲು ಸ್ಪಷ್ಟವಾಗಿ ಕಾಣಿಸಿಕೊಂಡಿತು. ಲೋಕದಲ್ಲಿ ವಸ್ತುಗಳು ಚಲಿಸುವುದನ್ನೂ ಸಾಲಿನಲ್ಲಿ ಕಾಯುವುದನ್ನೂ ಗಣಕದಲ್ಲಿ ಅನುಕರಿಸಿ ನೋಡುವುದೇ ಅವರ ಉದ್ದೇಶವಾಗಿದ್ದಿತು. ಆದಕಾರಣ, ವೇಬ್ರಿಜ್ಜಿನ ಮುಂದೆ ಸಾಲಾಗಿ ನಿಂತ ಲಾರಿಗಳನ್ನು ನೋಡಿ ಬೆಳೆದ ಮಗುವಿಗೆ ಈ ವಿದ್ಯೆಯು ಪರಕೀಯವಲ್ಲ.

ಇದರ ತತ್ತ್ವವು ಸರಳವಾದುದು. ಇಟ್ಟಿಗೆಯ ಅಚ್ಚು ಒಂದೇ. ಅದರಿಂದ ತೆಗೆದ ಇಟ್ಟಿಗೆಗಳು ನೂರಾರು. ಹಾಗೆಯೇ ‘ಲಾರಿ’ ಎಂಬ ವಿವರಣೆಯನ್ನು ಒಮ್ಮೆ ಬರೆದಿಟ್ಟರೆ ಅದು ಅಚ್ಚು; ಇಂಗ್ಲಿಷಿನಲ್ಲಿ ಇದಕ್ಕೆ ಕ್ಲಾಸ್ ಎಂದು ಹೆಸರು. ಅದರಿಂದ ಹುಟ್ಟಿದ ಒಂದೊಂದು ಲಾರಿಯೂ ಒಂದೊಂದು ವಸ್ತು, ಎಂದರೆ ಆಬ್ಜೆಕ್ಟ್. ಲಾರಿಯ ನಂಬರು, ಅದು ಹೊತ್ತ ಅದಿರಿನ ತೂಕ, ಇವು ಅದರ ಗುಣಗಳು. ತುಂಬುವುದು, ಇಳಿಸುವುದು, ಇವು ಅದರ ಕ್ರಿಯೆಗಳು. ಗುಣಗಳನ್ನೂ ಅವುಗಳನ್ನು ಬದಲಾಯಿಸುವ ಕ್ರಿಯೆಗಳನ್ನೂ ಒಂದೇ ಮನೆಯಲ್ಲಿ ಇಡುವುದೇ ಈ ಪದ್ಧತಿಯ ಜೀವಾಳ.

ಅಚ್ಚು ಒಂದಾದರೂ ಪ್ರತಿಯೊಂದು ವಸ್ತುವಿನ ಸ್ಥಿತಿ ಬೇರೆ ಬೇರೆ ಎಂಬುದನ್ನು ಇಲ್ಲಿ ಮರೆಯಬಾರದು. ಸಮೀಪದ ತುಂಗಭದ್ರಾ ಅಣೆಕಟ್ಟಿನ ಕ್ರೆಸ್ಟ್ ಗೇಟುಗಳು ೩೩. ೨೦೨೪ರ ಆಗಸ್ಟ್ ೧೦ರ ರಾತ್ರಿ ಚೈನು ತುಂಡಾಗಿ ಕೊಚ್ಚಿಹೋದುದು ೧೯ನೆಯ ಗೇಟು ಮಾತ್ರ. ಉಳಿದ ೩೨ ತಮ್ಮ ತಮ್ಮ ಸ್ಥಾನದಲ್ಲಿದ್ದುವು. ಗಣಕದಲ್ಲಿಯೂ ಹಾಗೆಯೇ: ಒಂದು ಲಾರಿಯಲ್ಲಿ ಅದಿರು ತುಂಬಿದ ಮಾತ್ರಕ್ಕೆ ಮತ್ತೊಂದರ ತೂಕವು ಹೆಚ್ಚದು.

ಇನ್ನು ಇಂಗ್ಲಿಷಿನ ಮಾತು. ಹೊಸಬರಿಗೆ ನಾವು ಸೂಚಿಸುವ ಭಾಷೆಯು ಪೈಥಾನ್. ನೆದರ್ಲೆಂಡ್ಸಿನ ಗೀಡೋ ವಾನ್ ರೋಸಮ್ ಎಂಬವರು ಇದನ್ನು ೧೯೯೧ರಲ್ಲಿ ಹೊರತಂದರು. ಇದಕ್ಕೆ ಬೆಲೆಯಿಲ್ಲ, ಸಾಧಾರಣ ಗಣಕದಲ್ಲಿಯೂ ನಡೆಯುವುದು. ೨೦೦೮ರಲ್ಲಿ ಬಂದ ಇದರ ಮೂರನೆಯ ಆವೃತ್ತಿಯಿಂದೀಚೆಗೆ ಅಚ್ಚುಗಳಿಗೂ ಗುಣಗಳಿಗೂ ಕ್ರಿಯೆಗಳಿಗೂ ಕನ್ನಡ ಲಿಪಿಯಲ್ಲಿಯೇ ಹೆಸರಿಡಬಹುದು. ‘ಲಾರಿ’, ‘ತೂಕ’, ‘ತುಂಬು’ ಎಂದು ಬರೆದರೆ ಗಣಕವು ತಕರಾರು ಮಾಡದು. ಕ್ರಿಯೆಯನ್ನು ನಡೆಸುವ ವಸ್ತುವನ್ನು ಪುಸ್ತಕಗಳಲ್ಲಿ ‘ಸೆಲ್ಫ್’ ಎಂದು ಕರೆಯುವುದು ರೂಢಿಯಷ್ಟೇ ಹೊರತು ಕಟ್ಟಳೆಯಲ್ಲ. ಆ ಸ್ಥಳದಲ್ಲಿ ‘ತಾನು’ ಎಂದು ಬರೆದರೂ ಕೆಲಸವು ನಡೆಯುವುದು. ‘ಕ್ಲಾಸ್’, ‘ಡೆಫ್’ ಮೊದಲಾದ ೩೫ ಮೀಸಲು ಶಬ್ದಗಳನ್ನೂ, ‘ಪ್ರಿಂಟ್’ ಮುಂತಾದ ಸಿದ್ಧ ಹೆಸರುಗಳನ್ನೂ ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯತಕ್ಕದ್ದು. ಲೆಕ್ಕದ ಅಂಕಿಗಳನ್ನೂ ಇಂಗ್ಲಿಷ್ ರೂಪದಲ್ಲಿಯೇ ಹಾಕಬೇಕು. ಮುಂದೆ ದೊಡ್ಡ ಗ್ರಂಥಗಳನ್ನು ಓದುವಾಗ ಇಂಗ್ಲಿಷು ಬೇಕಾಗುವುದು ನಿಜ; ಆದರೆ ಅದು ಎರಡನೆಯ ಮೆಟ್ಟಲು, ಹೊಸಲಲ್ಲ.

ಆರಂಭದ ಕ್ರಮವನ್ನು ಹೇಳುವೆವು. ಮೊದಲನೆಯದಾಗಿ, ಗಣಕವನ್ನು ಮುಟ್ಟದೆ ಒಂದು ಹಾಳೆಯಲ್ಲಿ ಎರಡು ಅಂಕಣಗಳನ್ನು ಎಳೆದು, ಒಂದರಲ್ಲಿ ಲಾರಿಯ ಗುಣಗಳನ್ನೂ ಇನ್ನೊಂದರಲ್ಲಿ ಕ್ರಿಯೆಗಳನ್ನೂ ಮಗುವಿನಿಂದಲೇ ಬರೆಯಿಸಿರಿ. ಎರಡನೆಯದಾಗಿ, ಅದನ್ನು ಪೈಥಾನಿನಲ್ಲಿ ಅಚ್ಚಾಗಿ ಬರೆದು, ಎರಡು ಲಾರಿಗಳನ್ನು ಹುಟ್ಟಿಸಿ, ಒಂದಕ್ಕೆ ಮಾತ್ರ ಅದಿರು ತುಂಬಿ, ಎರಡರ ತೂಕವನ್ನೂ ತೆರೆಯ ಮೇಲೆ ಮೂಡಿಸಿ ನೋಡಲಿ. ಮೂರನೆಯದಾಗಿ, ತುಂಬುವ ಕ್ರಿಯೆಯೊಳಗೆ ಒಂದು ನಿಯಮವನ್ನು ಸೇರಿಸಲಿ: ಹೊರೆಯ ಮಿತಿ ೧೬ ಟನ್ನೆಂದು ಪಾಠಕ್ಕಾಗಿ ಇಟ್ಟುಕೊಂಡರೆ, ಅದನ್ನು ಮೀರಿದ ಅದಿರನ್ನು ಲಾರಿಯು ತಾನೇ ನಿರಾಕರಿಸಬೇಕು. ತೂಕವನ್ನು ಹೊರಗಿನಿಂದ ನೇರವಾಗಿ ತಿದ್ದದೆ ಕ್ರಿಯೆಯ ಮೂಲಕವೇ ಬದಲಾಯಿಸುವುದು ಒಳ್ಳೆಯ ಅಭ್ಯಾಸ. ಕಾವಲು ಇರುವುದು ಬಾಗಿಲಲ್ಲಿ, ಗೋಡೆ ಹಾರಿದವನಿಗೆ ಕಾವಲಿಲ್ಲ. ‘ವಾಹನ’ ಎಂಬ ಅಚ್ಚಿನಿಂದ ಲಾರಿಯನ್ನೂ ಬಸ್ಸನ್ನೂ ಕವಲೊಡೆಸುವ ವಂಶಕ್ರಮದ ಪಾಠವು ಇವೆಲ್ಲ ಕೈಗೆ ಹತ್ತಿದ ಮೇಲೆ ಬರತಕ್ಕದ್ದು. ಮೊದಲೇ ಅದಕ್ಕೆ ಕೈಹಾಕಿದವರು ಗೊಂದಲಕ್ಕೊಳಗಾಗುವರು.

ತಪ್ಪುಗಳಾಗದೆ ಇರವು. ಪೈಥಾನಿನಲ್ಲಿ ಸಾಲಿನ ಆರಂಭದಲ್ಲಿ ಬಿಡುವ ಜಾಗಕ್ಕೂ ಅರ್ಥವುಂಟಾದುದರಿಂದ ಅದು ಒಂದೇ ಅಳತೆಯಲ್ಲಿರಬೇಕು. ಎರಡು ಮಾತುಗಳ ಹೆಸರಿನ ನಡುವೆ ಜಾಗ ಬಿಡದೆ ಅಡಿಗೆರೆಯನ್ನು ಹಾಕಬೇಕು. ತಪ್ಪು ನಡೆದಾಗ ಗಣಕವು ಸಾಲಿನ ಸಂಖ್ಯೆಯನ್ನು ತಿಳಿಸುವುದು. ಹೆದರದೆ ಆ ಸಾಲನ್ನೂ ಅದರ ಮೇಲಿನ ಸಾಲನ್ನೂ ಪರೀಕ್ಷಿಸಿದರೆ ಬಹುಮಟ್ಟಿಗೆ ದೋಷವು ಸಿಕ್ಕುವುದು.

ಈ ವಿದ್ಯೆಯು ತಿಂಗಳೊಳಗೆ ಸಂಬಳವನ್ನು ತಂದುಕೊಡುವುದೆಂದು ನಾವು ಹೇಳಲಾರೆವು. ಹಾಗೆ ಹೇಳಿ ದೊಡ್ಡ ಮೊತ್ತದ ಫೀಸನ್ನು ಕೇಳುವವರ ಮಾತಿಗೆ ಗೃಹಸ್ಥರು ಮರುಳಾಗದಿರುವುದು ಲೇಸು. ದಿನಕ್ಕೊಂದು ಗಂಟೆಯಂತೆ ಕೆಲವು ವಾರ ಮನೆಯಲ್ಲಿಯೇ ಅಭ್ಯಾಸ ಮಾಡಿಸಿ, ಮಗುವಿಗೆ ಇದರಲ್ಲಿ ರುಚಿ ಹತ್ತಿತೆಂದು ಕಂಡ ಬಳಿಕ ಹಣದ ಯೋಚನೆಯನ್ನು ಮಾಡಿರಿ. ಅಲ್ಲಿಯ ತನಕ ಒಂದು ಹಾಳೆ, ಒಂದು ಗಣಕ, ಕಣ್ಣೆದುರಿನ ಒಂದು ಲಾರಿ, ಇವಿಷ್ಟು ಸಾಕು.